ಡಿಎನ್‌ಎ ಹೊದಿಸಿದ ಚಿನ್ನದ ನ್ಯಾನೋ ಕಣ ಕೋಶದೊಳಗೆ ಹೋಗೋದು ಹೇಗೆ?

ಪ್ರಶ್ನೆ: ಡಿಎನ್‌ಎಗೆ ನೆಗೆಟಿವ್ ಚಾರ್ಜ್, ಕೋಶದ ಪೊರೆಗೂ ಅದೇ. ಒಂದನ್ನೊಂದು ದೂರ ತಳ್ಳಬೇಕು ಅಲ್ವಾ? ಮತ್ತೆ, ಚಿನ್ನವೇ ಯಾಕೆ?

ಉತ್ತರ 1: ಬಿಡಿ ಡಿಎನ್‌ಎ ಎಳೆ ಆದರೆ ನಿಮ್ಮ ಮಾತು ಸರಿ. ಆದರೆ 13 ನ್ಯಾನೋಮೀಟರ್‌ನಂಥ ಪುಟ್ಟ ಕಣದ ಮೇಲೆ ಎಳೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದಾಗ, ಕೋಶದ ಮೇಲಿರುವ ಸ್ಕ್ಯಾವೆಂಜರ್ ರಿಸೆಪ್ಟರ್ ಎಂಬ ಪ್ರೋಟೀನ್‌ಗಳು ಅದನ್ನು ಹಿಡಿದು ತಾವೇ ಒಳಗೆ ಎಳೆದುಕೊಳ್ಳುತ್ತವೆ. ಚಿನ್ನ ಯಾಕಂದ್ರೆ, ಗಂಧಕ ಅದನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಡಿಎನ್‌ಎ ತುದಿಗೆ ಥಯಾಲ್ (ಗಂಧಕವಿರುವ ರಾಸಾಯನಿಕ ಗುಂಪು) ಸೇರಿಸಿದರೆ ಅಂಟಿಸುವ ಕೆಲಸ ಮುಗೀತು. 1996ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ತಂಡ ಇದನ್ನು ಮಾಡಿ ತೋರಿಸಿತ್ತು.

ಉತ್ತರ 2: ನನಗೆ ಇಷ್ಟವಾಗಿದ್ದು ಇದೇ ಕಣದಿಂದ ಮಾಡುವ ನ್ಯಾನೋಫ್ಲೇರ್. ಡಿಎನ್‌ಎ ಎಳೆಗೆ ಹೊಳೆಯುವ ಬಣ್ಣ ಕಟ್ಟಿದ ಚಿಕ್ಕ ತುಣುಕೊಂದನ್ನು ಜೋಡಿಸಿರುತ್ತಾರೆ. ಚಿನ್ನದ ಹತ್ತಿರ ಇರುವವರೆಗೂ ಅದು ಹೊಳೆಯಲ್ಲ. ಹುಡುಕುತ್ತಿರುವ ಎಂಆರ್‌ಎನ್‌ಎ (ಜೀನ್‌ನ ಸಂದೇಶ ಒಯ್ಯುವ ಅಣು) ಬಂದು ಎಳೆಗೆ ಅಂಟಿದರೆ ತುಣುಕು ಕಳಚುತ್ತದೆ, ಬೆಳಕು ಕಾಣುತ್ತದೆ. ಕೋಶ ಸಾಯಿಸದೆ ಒಳಗಿನ ಸುದ್ದಿ!

ಪ್ರಶ್ನೆ ಕೇಳಿದವರು: ಹಾಗಾದ್ರೆ ಔಷಧಿ ತಲುಪಿಸೋದೂ ಸುಲಭ ಅನ್ನಿ.

ಉತ್ತರ 1: ಅಷ್ಟು ಸುಲಭ ಇಲ್ಲ. ಒಳಗೆ ಹೋದ ಕಣಗಳಲ್ಲಿ ಬಹುಪಾಲು ಎಂಡೋಸೋಮ್ ಎಂಬ ಚೀಲದಲ್ಲೇ ಸಿಕ್ಕಿಬೀಳುತ್ತವೆ. ರಕ್ತಕ್ಕೆ ಕೊಟ್ಟರೆ ಯಕೃತ್ತು, ಗುಲ್ಮದಲ್ಲೇ ಜಾಸ್ತಿ ಸೇರುತ್ತವೆ. ಚಿನ್ನ ಕರಗುವುದೂ ಇಲ್ಲ, ಬೇಗ ಹೊರಗೆ ಹೋಗುವುದೂ ಇಲ್ಲ.