ಜಾವಾದಿಂದ ಡಾಟ್‌ನೆಟ್‌ಗೆ ಪಿಡಿಎಫ್ ಹೋಗವಲ್ದು, ಯಾರರೆ ಹೇಳ್ರಿ

ಪ್ರಶ್ನೆ, ಬ್ಯಾಡಗಿಯಿಂದ:
ನಮಸ್ಕಾರ್ರಿ ಸರ. ಇಲ್ಲೆ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಸಾಫ್ಟ್‌ವೇರ್ ನೋಡ್ಕೊಂತೀನಿ. ನಮ್ಮದು ಜಾವಾ, ಸ್ಪ್ರಿಂಗ್ ಬೂಟ್. ಮಾಲು ತಗೊಳ್ಳೋ ಕಂಪನಿದು ಡಾಟ್‌ನೆಟ್, ಹಳೇ ಡಬ್ಲ್ಯುಸಿಎಫ್ (ಮೈಕ್ರೋಸಾಫ್ಟಿನ ವೆಬ್ ಸರ್ವಿಸ್ ಚೌಕಟ್ಟು) ಸರ್ವಿಸ್. ಪ್ರತಿ ಲಾಟಿಗೂ ತೂಕದ ಚೀಟಿ ಫೋಟೊ, ಲ್ಯಾಬಿನ ಬಣ್ಣದ ರಿಪೋರ್ಟ್ ಎರಡೂ ಸೋಪ್‌ನ್ಯಾಗ, ಅಂದ್ರ ಎಕ್ಸ್‌ಎಂಎಲ್ ಸಂದೇಶದಾಗ, ಕಳಸಬೇಕು. ಫೈಲ್ ಬೇಸ್64 (ಬೈಟುಗಳನ್ನ ಸಾದಾ ಅಕ್ಷರ ಮಾಡೋ ಪದ್ಧತಿ) ಮಾಡಿ ಎಕ್ಸ್‌ಎಂಎಲ್ ಒಳಗ ತುಂಬೀನಿ. ಚೀಟಿ 40 ಕೆಬಿ ಐತಿ, ಆರಾಮ ಹೊಕ್ಕೈತಿ. ರಿಪೋರ್ಟ್ 312 ಕೆಬಿ, 413, ಅಂದ್ರ ಸಂದೇಶ ಭಾಳ ದೊಡ್ಡದು, ಅಂತ ವಾಪಸ್ ಬರ್ತೈತಿ. ಅವರನ್ನ ಕೇಳಿದ್ರ "ಜಾವಾ ಫೈಲು ಡಾಟ್‌ನೆಟ್‌ಗೆ ಹೊಂದಂಗಿಲ್ಲ" ಅಂತಾರ. ಖರೇನ? ಎಂಟಿಒಎಂ ಹಚ್ಚು ಅಂತ ಗೆಳೆಯಾ ಹೇಳಿದ. ಅದೇನ್ರಿ?

ಉತ್ತರ, ಹುಬ್ಬಳ್ಳಿಯಿಂದ:
ಸುಳ್ಳ. ಜಾವಾದಾಗ ಬೈಟ್ ಮೈನಸ್ 128ರಿಂದ 127, ಸಿ ಶಾರ್ಪ್‌ನ್ಯಾಗ 0ರಿಂದ 255 ಅಂತ ಓದ್ತಾರ, ಅಷ್ಟ ಫರಕು. ತಂತಿ ಮ್ಯಾಲೆ ಹೋಗೋದು ಅದ 8 ಬಿಟ್. ಹೊಂದಂಗಿಲ್ಲ ಅನ್ನೋರು ತಮ್ಮ ಕಾನ್ಫಿಗ್ ಫೈಲ್ ತೆಗೆದು ನೋಡಿಲ್ಲ ಅಂತ ತಿಳೀರಿ.

ಲೆಕ್ಕ ಹಾಕ್ರಿ. ಬೇಸ್64 ಅಂದ್ರ 3 ಬೈಟಿಗೆ 4 ಅಕ್ಷರ. 40 ಕೆಬಿ ಚೀಟಿ 53 ಕೆಬಿ ದಾಟ್ತದ. ಡಬ್ಲ್ಯುಸಿಎಫ್‌ನ್ಯಾಗ ಮ್ಯಾಕ್ಸ್‌ರಿಸೀವ್ಡ್‌ಮೆಸೇಜ್‌ಸೈಜ್ ಅಂತ ಒಂದು ಮಿತಿ ಇರ್ತದ, ಮುಟ್ಟದಿದ್ರ 65,536 ಬೈಟ್, ಅಂದ್ರ 64 ಕೆಬಿ. ನಿಮ್ಮ ಚೀಟಿ ಅದರೊಳಗ ನುಸುಳ್ತದ, ರಿಪೋರ್ಟ್ 416 ಕೆಬಿ ಆಗಿ ಬಾಗಲದಾಗ ಸಿಗಬೀಳ್ತದ. ಒಮ್ಮೆ 45 ಕೆಬಿ ಫೈಲು, ಒಮ್ಮೆ 50 ಕೆಬಿ ಫೈಲು ಕಳಿಸಿ ನೋಡ್ರಿ. ಮೊದಲನೇದು ಹೋಗಿ ಎರಡನೇದು ನಿಂತ್ರ ಇದ ರೋಗ. ಮಿತಿ ಏರಸಬೇಕಾದವರು ಅವರು, ನೀವಲ್ಲ. ಮುಂದ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಇಟ್ಟಿದ್ರ ಅದರ ಮಿತಿ, ಮುಟ್ಟದಿದ್ರ, 1 ಎಂಬಿ. ಒಂದು ಬಾಗಲಾ ತೆಗೆದ ಮ್ಯಾಲೆ ಇನ್ನೊಂದು ಬಡೀತದ.

ಇನ್ನ ಎಂಟಿಒಎಂ. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಬಸ್ಸಿನ್ಯಾಗ ಪಾರ್ಸೆಲ್ ಹಾಕ್ತೀರಲ್ಲ, ಪತ್ರದ ಕವರಿನೊಳಗ ಮೆಣಸಿನಕಾಯಿ ತುರುಕ್ತೀರೇನು? ಚೀಲಾ ಬ್ಯಾರೆ ಕಟ್ಟಿ, ಪತ್ರದಾಗ ಚೀಲದ ನಂಬರ್ ಬರೀತೀರಿ. ಇದೂ ಹಂಗ. ಎಕ್ಸ್‌ಎಂಎಲ್‌ನ್ಯಾಗ ಫೈಲಿನ ಜಾಗಾದಾಗ ಒಂದು ಇನ್‌ಕ್ಲೂಡ್ ಟ್ಯಾಗ್ ಅಷ್ಟ, ಅದರಾಗ ಸಿಐಡಿ ನಂಬರು. ಖರೇ ಬೈಟುಗಳು ಮಲ್ಟಿಪಾರ್ಟ್‌ನ ಮುಂದಿನ ತುಂಡಿನ್ಯಾಗ, ಇದ್ದದ್ದು ಇದ್ದಂಗ. ಮೂರನೇ ಒಂದು ಭಾಗದ ಉಬ್ಬರ ಹೋತು. ನಿಮ್ಮ ಕಡೆ ಎಂಟಿಒಎಂ ಫೀಚರ್ ಆನ್ ಮಾಡಿ ಫೀಲ್ಡ್ ಡೇಟಾಹ್ಯಾಂಡ್ಲರ್ ಇಡ್ರಿ, ಅವರ ಬೈಂಡಿಂಗ್‌ನ್ಯಾಗ ಮೆಸೇಜ್ ಎನ್‌ಕೋಡಿಂಗ್ ಎಂಟಿಒಎಂ ಆಗಬೇಕು. ಒಂದ ಕಡೆ ಮಾಡಿದ್ರ ಕಂಟೆಂಟ್ ಟೈಪ್ ಹೊಂದಲಿಲ್ಲ ಅಂತ 415 ಬರ್ತದ. ಮತ್ತ ಎಂಟಿಒಎಂ ಹಚ್ಚಿದ್ರೂ ಆ 65,536 ತಾನ ಏಳಂಗಿಲ್ಲ, ಎಷ್ಟೋ ಮಂದಿ ಇಲ್ಲೇ ಮುಗ್ಗರಿಸ್ತಾರ.

ನೆಟ್ಟಿನ್ಯಾಗ ಹುಡುಕಿದ್ರ ಡೈಮ್ ಅನ್ನೋ ಹೆಸರೂ ಸಿಗ್ತದ. ಅದು ಸೋಪ್ ಜೋಡಿ ಫೈಲ್ ಕಳಿಸೋ ಮೈಕ್ರೋಸಾಫ್ಟ್ ದಾರಿ ಇತ್ತು. ಜಾವಾದವರು ಬಹಳ ಮಾಡಿ 2000ದ ಸೋಪ್ ವಿತ್ ಅಟ್ಯಾಚ್‌ಮೆಂಟ್ಸ್ ಹಿಡಿದಿದ್ರು. ಒಬ್ಬರ ಚೀಲಾ ಇನ್ನೊಬ್ಬರು ಬಿಚ್ಚಲಾರದ ಕಾಲ. 2005ರ ಜನವರಿಯಾಗ ಎಂಟಿಒಎಂ ಡಬ್ಲ್ಯು3ಸಿ (ವೆಬ್ಬಿನ ಮಾನಕ ಮಾಡೋ ಸಂಸ್ಥೆ) ಶಿಫಾರಸು ಆತು, ಮೈಕ್ರೋಸಾಫ್ಟೂ ಡೈಮ್ ಬಿಟ್ಟಿತು. ಆ ಹಳೇ ಪಾಠ ಓದಿ ತಲಿ ಕೆಡಿಸ್ಕೋಬ್ಯಾಡ್ರಿ.

ಪ್ರತಿಕ್ರಿಯೆ, ಧಾರವಾಡದಿಂದ:
ಈಗಿನ ಕಾಲದಾಗ ಸೋಪ್ ಯಾಕ್ರಿ? ರೆಸ್ಟ್ (ಸೋಪ್ ಇಲ್ಲದ ಸಾದಾ ಎಚ್‌ಟಿಟಿಪಿ ಪದ್ಧತಿ) ಮಾಡಿ ಮಲ್ಟಿಪಾರ್ಟ್ ಫಾರ್ಮ್ ಕಳಿಸಿದ್ರ ಮುಗೀತಲ್ಲ.

ಉತ್ತರ, ಹುಬ್ಬಳ್ಳಿಯಿಂದ:
ಅಕ್ಕಾರ, ಮಾತು ಖರೇ. ಆದ್ರ ರೊಕ್ಕಾ ಕೊಡೋರು ಡಬ್ಲ್ಯುಎಸ್‌ಡಿಎಲ್ (ಸೋಪ್ ಸರ್ವಿಸಿನ ವಿವರದ ಫೈಲು) ಕೊಟ್ಟಾರ. ಅವರ ಸರ್ವರ್ ಬದಲಿಸೋದು ಈ ಹುಡುಗನ ಕೈಯಾಗಿಲ್ಲ.

ಪ್ರಶ್ನೆ, ಬ್ಯಾಡಗಿಯಿಂದ (ಎರಡು ದಿನದ ಮ್ಯಾಲೆ):
ಸರ, 45 ಹೋತು, 50 ನಿಂತು! ಅದನ್ನ ತೋರಿಸಿದ ಮ್ಯಾಲೆ ಮಿತಿ ಏರಿಸಿದ್ರು, ಎಂಟಿಒಎಂನೂ ಹಚ್ಚಿದ್ರು. ಈಗ ರಿಪೋರ್ಟ್ ಹೊಕ್ಕೈತಿ, ಆದ್ರ ಅವರು ತೆರೆದ್ರ ಮೂರೂ ಪುಟ ಬೆಳ್ಳಗ. ಚೀಟಿ ಫೋಟೊ ಮಾತ್ರ ಚಲೋ ಕಾಣತೈತಿ.

ಉತ್ತರ, ಹುಬ್ಬಳ್ಳಿಯಿಂದ:
ಆ ಕಡೆ ಫೈಲ್ ಎಷ್ಟು ಕೆಬಿ ಅದ ಕೇಳ್ರಿ. 312ಕ್ಕಿಂತ ಭಾಳ ಜಾಸ್ತಿ ಇದ್ರ, ಎಲ್ಲೋ ಪಿಡಿಎಫ್‌ನ್ನ ಸ್ಟ್ರಿಂಗ್, ಅಂದ್ರ ಅಕ್ಷರದ ಸಾಲು, ಮಾಡೀರಿ. ಪುಟದ ಲೆಕ್ಕ, ಚೌಕಟ್ಟು ಎಲ್ಲಾ ಸಾದಾ ಅಕ್ಷರ, ಅದಕ್ಕ ಮೂರು ಪುಟ ಬರೊಬ್ಬರಿ ತೆರೀತಾವ. ಒಳಗಿನ ಹೂರಣ ಕಂಪ್ರೆಸ್ ಆಗಿರ್ತದ. ಅದರಾಗ ಯುಟಿಎಫ್-8ಕ್ಕ ಒಗ್ಗದ ಬೈಟು ಸಿಕ್ಕಲ್ಲೆಲ್ಲಾ ಜಾವಾ ಒಂದು ಬದಲಿ ಚಿಹ್ನೆ ಕೂಡಸ್ತದ, ಅದು ಮೂರು ಬೈಟಿಂದು. ಹೆಕ್ಸ್ ಎಡಿಟರಿನ್ಯಾಗ ಇಎಫ್ ಬಿಎಫ್ ಬಿಡಿ ಅಂತ ಸಾಲಿಗೆ ಸಾಲು ಕಾಣತದ. ಒಮ್ಮೆ ಹಂಗಾತು ಅಂದ್ರ ಅದನ್ನ ತಿರುಗಿ ರಿಪೇರಿ ಮಾಡಾಕ ಬರಂಗಿಲ್ಲ, ಮೂಲದಿಂದ ಮತ್ತ ತರಬೇಕು.

ಬ್ಯಾಡಗಿಯಿಂದ:
ಸಿಕ್ತು! ಲ್ಯಾಬಿನ ಲಿಂಕಿಂದ ಪಿಡಿಎಫ್ ಇಳಸೋ ಕಡೆ ಉತ್ತರಾನ ಸ್ಟ್ರಿಂಗ್ ಅಂತ ಹಿಡಿದಿದ್ದೆ. ಫೋಟೊ ಡಿಸ್ಕಿಂದ ಸೀದಾ ಬೈಟಾಗಿ ಓದ್ತಿದ್ದೆ, ಅದಕ್ಕ ಬಚಾವ್. ಬೈಟ್ ಅರೇ ಮಾಡಿದೆ. ಈಗ ಎರಡೂ ಕಡೆ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚು ಇದ್ದಂಗ) ಒಂದ ಬಂತು. ಇನ್ನೊಂದ ಕೇಳ್ತೀನ್ರಿ, ಫೈಲಿನ ಹೆಸರು "ಕಡ್ಡಿ-112" (ಮೆಣಸಿನಕಾಯಿ ತಳಿ, ಲಾಟ್ ನಂಬರ್) ಅಂತ ಇಟ್ಟಿದ್ದೆ, ಅವರಿಗೆ "?????-112" ಆಗೇತಿ.

ಉತ್ತರ, ಹುಬ್ಬಳ್ಳಿಯಿಂದ:
ಹೆಸರು ಮೈಮ್ ಹೆಡರಿನ್ಯಾಗ, ಅಂದ್ರ ಮಲ್ಟಿಪಾರ್ಟ್ ತುಂಡಿನ ತಲಿಬರಹದಾಗ, ಹೊಂಟದ, ಅಲ್ಲಿ ಕನ್ನಡ ಹೀಂಗ ಸಾಯ್ತದ. ಹೆಸರನ್ನ ಎಕ್ಸ್‌ಎಂಎಲ್‌ನ್ಯಾಗ ಬ್ಯಾರೆ ಫೀಲ್ಡ್ ಮಾಡಿ ಕಳಿಸ್ರಿ, ಯುಟಿಎಫ್-8 ಇರೋದ್ರಿಂದ ಕನ್ನಡ ಕನ್ನಡಾನ ಉಳೀತದ. ಹೆಡರಿಗೆ ಬರೇ ಲಾಟ್ ನಂಬರ್ ಸಾಕು. ಕಡ್ಡಿನೋ ಡಬ್ಬಿನೋ ಅನ್ನೋದು ಅವರ ಡೇಟಾಬೇಸಿನ್ಯಾಗ ಕೂತ್ಕೊಳ್ಳಿ.