‘ಎಸ್ಕಲೇಟೆಡ್’ ಅಂದರೆ ‘ಉಲ್ಬಣ’ವೇ?

ಪ್ರಶ್ನೆ: ಮಾನಸಿಕ ಆರೋಗ್ಯದ ಸ್ವಯಂಸೇವಾ ಸಂಸ್ಥೆಯೊಂದರ ಕೆಲಸದ ಹಾಳೆಗೆ ಕನ್ನಡ ತಲೆಬರಹ ಬೇಕಿದೆ. ಸಂಯೋಜಕರು ಬೆಂಗಳೂರಿನಲ್ಲಿ, ಕಾರ್ಯಕರ್ತೆಯರು ತಾಲ್ಲೂಕುಗಳಲ್ಲಿ. ನಡುವೆ ಇರುವುದು ಒಂದು ಗೂಗಲ್ ಶೀಟು, ಫೋನು. ವಿಷಯವನ್ನು ಮೇಲಿನವರಿಗೆ ಮುಟ್ಟಿಸಿದೆಯೇ ಎಂದು ಕೇಳುವ ‘ಎಸ್ಕಲೇಟೆಡ್’ ಕಾಲಮ್ಮಿಗೆ ನಿಘಂಟು ನೋಡಿ ‘ಉಲ್ಬಣ’ ಎಂದು ಹಾಕಿದ್ದಾರೆ, ‘ಕ್ಲೋಸ್ಡ್’ಗೆ ‘ಮುಕ್ತಾಯ’. ಸರಿಯೇ?

ಉತ್ತರ: ‘ಉಲ್ಬಣ’ ಖಂಡಿತ ಬೇಡ. ಕನ್ನಡದಲ್ಲಿ ಉಲ್ಬಣಿಸುವುದು ಕಾಯಿಲೆ, ಜಗಳ, ಬಿಕ್ಕಟ್ಟು. ಕಾರ್ಯಕರ್ತೆ ಅಲ್ಲಿ ‘ಹೌದು’ ಎಂದು ತುಂಬಿದರೆ ‘ಇವರಿಗೆ ಜೋರಾಗಿದೆ’ ಎಂದರ್ಥ. ಸಂಯೋಜಕರು ಓದುವುದು ‘ವೈದ್ಯರಿಗೆ ಸುದ್ದಿ ಮುಟ್ಟಿದೆ’ ಎಂದು. ಮಾತ್ರೆ ಬಿಟ್ಟು, ನಾಲ್ಕು ದಿನದಿಂದ ನಿದ್ದೆಯಿಲ್ಲದವರ ಸಾಲು ಕೆಲಸ ಆಗಿದೆಯೆಂಬಂತೆ ಹಸಿರಾಗಿ ಕೂತಿರುತ್ತದೆ, ಯಾರೂ ಫೋನ್ ಮಾಡಿರುವುದಿಲ್ಲ. ಒಂದೇ ಕೋಣೆಯಲ್ಲಿದ್ದರೆ ಕೇಳಿ ತಿದ್ದಿಕೊಳ್ಳಬಹುದಿತ್ತು.

‘ಒಪ್ಪಿಸಿದೆ’ ಆಗಬಹುದಿತ್ತು. ಒಪ್ಪಿಸು, ಒಪ್ಪಿಕೊ: ಕೊಟ್ಟವರೂ ಪಡೆದವರೂ ಆ ಜೋಡಿಯಲ್ಲಿದ್ದಾರೆ. ಆದರೆ ‘ಪೊಲೀಸರಿಗೆ ಒಪ್ಪಿಸಿದರು’ ಎಂಬ ಬಳಕೆ ಬೆನ್ನಿಗಿದೆ. ಮನೆಯವರ ಕಿವಿಗೆ ಬಿದ್ದರೆ ಮುಂದಿನ ಸಲ ಬಾಗಿಲು ತೆಗೆಯುವುದಿಲ್ಲ. ‘ಗಮನಕ್ಕೆ ತರಲಾಗಿದೆ’ ಕಚೇರಿ ಕನ್ನಡ, ತಂದವರು ಯಾರು ಎಂಬುದೇ ಮಾಯ. ಕಾರ್ಯಕರ್ತೆಯರ ಬಾಯಲ್ಲಿರುವುದು ‘ಡಾಕ್ಟರಿಗೆ ತಿಳಿಸಿದೀನಿ’. ಅದನ್ನೇ ಹಿಡಿದು ಆ ಒಂದು ಕಾಲಮ್ಮನ್ನು ನಾಲ್ಕು ಮಾಡಿ: ‘ಈಗ ಹೇಗಿದ್ದಾರೆ’, ‘ಯಾರಿಗೆ ತಿಳಿಸಿದೆ’, ‘ದಿನ, ಹೊತ್ತು’, ‘ಅವರು ಏನು ಹೇಳಿದರು’. ಕೊನೆಯದು ಖಾಲಿಯಿದ್ದರೆ ಸಾಲು ಕೆಂಪಾಗಿಯೇ ಇರಲಿ. ವಾಟ್ಸಾಪಿನ ನೀಲಿ ಟಿಕ್ಕು ಉತ್ತರವಲ್ಲ. ‘ಯಾರಿಗೆ’ ಎಂಬಲ್ಲಿ ಕೈಯಲ್ಲಿ ಬರೆಯಲು ಬಿಡದೆ ಪಟ್ಟಿ ಕೊಡಿ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು, ಸಂಯೋಜಕರು. ಸಾಯುವ ಮಾತಾಡಿದವರ ವಿಷಯದಲ್ಲಿ ಮೊದಲು ಕರೆ, ಆಮೇಲೆ ಹಾಳೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲೂ ರಾತ್ರಿಯೂ ಸಿಗುತ್ತದೆ. ಅದನ್ನು ಹಾಳೆಯ ಮೇಲ್ಸಾಲಿನಲ್ಲಿ ಕದಲದಂತೆ ಕೂರಿಸಿ.

ಇನ್ನೊಂದು ಉತ್ತರ: ‘ಮುಕ್ತಾಯ’ದ ತೊಡಕು ಬೇರೆ. ಗುಣವಾದವರು, ಊರು ಬಿಟ್ಟವರು, ಭೇಟಿ ಬೇಡವೆಂದವರು, ತೀರಿಕೊಂಡವರು ಎಲ್ಲರೂ ಅದರೊಳಗೆ ಸೇರಿಬಿಡುತ್ತಾರೆ. ವರದಿ ಬರೆಯುವಾಗ ಅಷ್ಟನ್ನೂ ಯಶಸ್ಸೆಂದು ಎಣಿಸಲಾಗುತ್ತದೆ. ‘ಭೇಟಿ ನಿಲ್ಲಿಸಿದೆ’ ಎಂದಿಟ್ಟು ಪಕ್ಕದಲ್ಲಿ ‘ಕಾರಣ’ ಕೇಳಿ. ‘ಮುಗಿದಿದೆ’ಯನ್ನು ತರಬೇತಿ, ಬಿಲ್ಲುಗಳಂಥ ಕೆಲಸಕ್ಕೆ ಇಟ್ಟುಕೊಳ್ಳಿ, ಮನುಷ್ಯರ ಸಾಲಿಗೆ ಬೇಡ, ಓದಲೇ ಕಸಿವಿಸಿ. ‘ಫಾಲೋಅಪ್’ಗೆ ‘ಅನುಸರಣೆ’ ಎಂದರೆ ಹೇಳಿದ್ದನ್ನು ಪಾಲಿಸುವುದು ಎಂದಾಗುತ್ತದೆ, ‘ಮುಂದಿನ ಭೇಟಿ’ ಸಾಕು.

ಹಾಗೆಯೇ ‘ಹೆಸರು’ ಕಾಲಮ್ಮನ್ನು ತೆಗೆದು ‘ಗುರುತು ಸಂಖ್ಯೆ’ ಮಾಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಹೆಸರು, ಸಂಖ್ಯೆ ಎರಡೂ ಇರುವ ಪುಸ್ತಕ ತಾಲ್ಲೂಕಿನ ಬೀರುವಿನಲ್ಲಿರಲಿ. ಹಂಚಿದ ಹಾಳೆಯ ಲಿಂಕು ಯಾವ ಗುಂಪಿಗೆ ಹೋಗಿ ಬೀಳುತ್ತದೋ ಹೇಳಲಾಗದು.