ಒಂದೇ ಚೀಲದ ಕೋಲುಗಳಲ್ಲಿ ಇಬ್ಬರು ಗಾಲ್ಫ್ ಆಡಬಹುದೇ?

ತಡವಾಗಿ ಬಂದವಳು:

ನನಗೆ ನಲವತ್ತಾರು, ಮಗಳಿಗೆ ಹದಿಮೂರು. ಮೂರು ತಿಂಗಳಿಂದ ಶನಿವಾರ ಬೆಳಗ್ಗೆ ಡ್ರೈವಿಂಗ್ ರೇಂಜಿಗೆ, ಅಂದರೆ ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಬಯಲಿಗೆ, ಹೋಗುತ್ತಿದ್ದೇವೆ. ಬಾಡಿಗೆಯ ಸೆವೆನ್ ಐರನ್ (ಮಧ್ಯಮ ದೂರಕ್ಕೆ ಹೊಡೆಯುವ, ಲೋಹದ ತಲೆಯ ಕೋಲು) ಒಂದನ್ನೇ ಸರದಿಯ ಮೇಲೆ ಹಿಡಿಯುತ್ತೇವೆ. ಅವಳದು ಹತ್ತು ಚೆಂಡು, ನನ್ನದು ಹತ್ತು. ಅವಳ ಹತ್ತರಲ್ಲಿ ಆರು ಗಾಳಿಗೇರುತ್ತವೆ, ನನ್ನವು ಎರಡು. ಉಳಿದ ಎಂಟು ನೆಲ ಕೆರೆದುಕೊಂಡು ಓಡುತ್ತವೆ. ಆದರೂ ಆ ಎರಡರ ‘ಟಕ್’ ಮುಂದಿನ ಶನಿವಾರದವರೆಗೂ ಅಂಗೈಯಲ್ಲಿ ಉಳಿದಿರುತ್ತದೆ.

ಈಗ ನಿಜವಾದ ಮೈದಾನಕ್ಕೆ ಇಳಿಯುವ ಆಸೆ. ಅಂಗಡಿಗೆ ಹೋದೆವು. ಮಾರಾಟದ ಹುಡುಗ ನನ್ನ ಬೀಸಿನ ವೇಗವನ್ನು ಯಂತ್ರದಲ್ಲಿ ಅಳೆದು, ಹನ್ನೆರಡು ಕೋಲಿನ ಸೆಟ್ಟು, ಚೀಲ, ಕೈಗವಸು, ಬೂಟು ಎಲ್ಲವನ್ನೂ ಮದುವೆಯ ಉಡುಗೊರೆಯಂತೆ ಸಾಲಾಗಿ ಜೋಡಿಸಿಟ್ಟ. ಮಗಳಿಗೆ ಬೇರೆಯದೇ ಸೆಟ್ಟಂತೆ. ಅವಳು ಬೆಳೆದ ಮೇಲೆ ಅದನ್ನೂ ಬದಲಿಸಬೇಕು ಎಂದು ಅವನೇ ಹೇಳಿದ. ಮೊತ್ತ ಕೇಳಿ ಮಗಳೇ ನನ್ನ ತೋಳು ಹಿಡಿದು ಹೊರಗೆಳೆದಳು.

ಇಬ್ಬರಿಗೂ ಸೇರಿ ಒಂದೇ ಸೆಟ್ಟು ಸಾಕಾಗುವುದಿಲ್ಲವೇ? ನಿಯಮ ಒಪ್ಪುತ್ತದೆಯೇ? ಹಳೆಯದನ್ನು ಕೊಳ್ಳುವುದಾದರೆ ಏನು ನೋಡಬೇಕು?

ಹಳೆಯ ಕ್ಯಾಡಿ:

ಇಪ್ಪತ್ತೆರಡು ವರ್ಷ ಬೇರೆಯವರ ಚೀಲ ಹೊತ್ತವನು ನಾನು. ಈಗ ಮಂಡಿ ಒಪ್ಪದ ಕಾರಣ ಕುಳಿತು ಕೋಲುಗಳಿಗೆ ಗ್ರಿಪ್, ಅಂದರೆ ಹಿಡಿಯ ಹೊದಿಕೆ, ಹಾಕಿಕೊಡುತ್ತೇನೆ. ನಿಯಮ ಹೇಳುವುದು 14ಕ್ಕಿಂತ ಹೆಚ್ಚು ಕೋಲು ಇರಬಾರದು ಎಂದು ಮಾತ್ರ. ಇಷ್ಟಾದರೂ ಇರಲೇಬೇಕು ಎಂದು ಎಲ್ಲಿಯೂ ಇಲ್ಲ. ನಾನು ಹೊತ್ತ ಚೀಲಗಳಲ್ಲಿ ದಿನಕ್ಕೆ ಏಳೆಂಟು ಕೋಲು ಹೊರಗೆ ಬಂದರೆ ಹೆಚ್ಚು. ಟೂ ಐರನ್ ಎಂಬುದು ಹೊರಗೆ ಬರುತ್ತಲೇ ಇರಲಿಲ್ಲ, ನನ್ನ ಭುಜಕ್ಕೆ ಭಾರವಾಗಲೆಂದೇ ಇತ್ತು. ಸ್ಪೇನಿನ ಹೆಸರಾಂತ ಗಾಲ್ಫ್ ಆಟಗಾರ ಸೆವೆ ಬ್ಯಾಲೆಸ್ಟೆರೋಸ್ ಹುಡುಗನಾಗಿದ್ದಾಗ ಕಡಲ ದಂಡೆಯ ಮರಳಿನಲ್ಲಿ ಒಂದೇ ಒಂದು ತ್ರೀ ಐರನ್ ಹಿಡಿದು ಆಟ ಕಲಿತವರು. ಅವರು ದೊಡ್ಡವರು, ಬಿಡಿ. ಆದರೆ ಕೋಲು ಒಂದೇ ಆಗಿತ್ತು.

ನಿಮಗೆ ದೂರದ ಹೊಡೆತಕ್ಕೆ ಹೈಬ್ರಿಡ್, ಸೆವೆನ್ ಐರನ್, ನೈನ್ ಐರನ್, ಮರಳಿನಿಂದ ಎತ್ತಲು ಸ್ಯಾಂಡ್ ವೆಜ್, ಹೋಲಿಗೆ ಉರುಳಿಸಲು ಪಟರ್ ಸಾಕು. ಸ್ಪರ್ಧೆಯಲ್ಲಿ ಕೋಲು ಹಂಚಿಕೊಂಡರೆ ದಂಡವಿದೆ. ಒಂದೇ ಪಕ್ಷದ ಜೊತೆಗಾರರಾಗಿ, ಇಬ್ಬರದೂ ಸೇರಿ 14 ಮೀರದಿದ್ದರೆ ಮಾತ್ರ ಅನುಮತಿ. ಸ್ನೇಹದ ಆಟದಲ್ಲಿ ಅದನ್ನು ಕೇಳುವವರಿಲ್ಲ. ಆದರೆ ಕೆಲವು ಮೈದಾನಗಳಲ್ಲಿ ತಲೆಗೊಂದು ಚೀಲ ಇರಲೇಬೇಕು ಎನ್ನುತ್ತಾರೆ, ಮೊದಲೇ ವಿಚಾರಿಸಿ. ಇಲ್ಲವೇ ಫೋರ್ಸಮ್ಸ್ ಆಡಿ: ಇಬ್ಬರಿಗೂ ಒಂದೇ ಚೆಂಡು, ಒಂದು ಹೊಡೆತ ಅವಳದು, ಮುಂದಿನದು ನಿಮ್ಮದು. ಅವಳು ಪೊದೆಗೆ ಕಳಿಸಿದ್ದನ್ನು ನೀವು ತೆಗೆಯಬೇಕು. ತಾಯಂದಿರಿಗೆ ಇದು ಹೊಸದೇನಲ್ಲ.

ಹಳೆಯ ಕೋಲು ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಐರನ್ನಿನ ಮುಖದ ನಡುವೆ ನಾಣ್ಯದಗಲ ಜಾಗ ಸವೆದು, ಗೆರೆಗಳು ಅಳಿಸಿಹೋಗಿದ್ದರೆ ಬಿಟ್ಟುಬಿಡಿ. ಕೋಲಿನ ತಲೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕಾಳು ಉರುಳಿದ ಸದ್ದು ಬಂದರೆ ಏನೋ ಕಳಚಿದೆ. ಶಾಫ್ಟ್, ಅಂದರೆ ಕೋಲಿನ ಉದ್ದನೆಯ ದಂಡ, ಗ್ರಾಫೈಟಿನದಾದರೆ ಉದ್ದಕ್ಕೂ ಉಗುರು ಎಳೆದು ನೋಡಿ, ಬಿರುಕಿದ್ದಲ್ಲಿ ಉಗುರು ತಡೆಯುತ್ತದೆ. ಗ್ರಿಪ್ ಗಟ್ಟಿಯಾಗಿ ಜಾರುತ್ತಿದ್ದರೆ ಹೆದರಬೇಡಿ, ಚೌಕಾಸಿಗೆ ಅದೇ ನೆಪ. ಗ್ರಿಪ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ದೊಡ್ಡವರ ಕೋಲನ್ನು ಕತ್ತರಿಸಿ ಮಗಳಿಗೆ ಕೊಡಬೇಡಿ. ಶಾಫ್ಟ್ ಬಿಗಿಯಾಗುತ್ತದೆ, ತಲೆಯ ಭಾರ ಹಾಗೆಯೇ ಉಳಿಯುತ್ತದೆ, ಹುಡುಗಿಯ ಬೀಸು ಕೆಡುತ್ತದೆ. ನಿಮ್ಮಿಬ್ಬರ ಎತ್ತರ ಹತ್ತಿರವಿದ್ದರೆ ಮಹಿಳೆಯರ ಕೋಲೇ ಅವಳಿಗೂ ಆಗುತ್ತದೆ.

ಚೆಂಡುಗಳನ್ನಂತೂ ಹೊಸದಾಗಿ ಕೊಳ್ಳಲೇಬೇಡಿ. ಹೊಂಡಗಳಿಂದ ಎತ್ತಿ ತೊಳೆದು ಮಾರುತ್ತಾರೆ. ನೀವೂ ಅವನ್ನು ಹೊಂಡಕ್ಕೇ ಹಿಂತಿರುಗಿಸುತ್ತೀರಿ.

ಗೇಟಿನ ಹೊರಗಿನವನು:

ಕ್ಯಾಡಿಯವರ ಮಾತೆಲ್ಲ ಸರಿ, ಆದರೆ ಅರ್ಧ ಮಾತ್ರ. ಹಿಂದೆ ಚರ್ಮದ ಚೀಲಕ್ಕೆ ಹಕ್ಕಿಯ ಗರಿ ತುರುಕಿ ಚೆಂಡು ಮಾಡುತ್ತಿದ್ದರು. ನುರಿತವನಿಗೂ ದಿನಕ್ಕೆ ಮೂರೋ ನಾಲ್ಕೋ ಅಷ್ಟೇ. 1848ರ ಸುಮಾರಿಗೆ ಗಟಾಪರ್ಚ ಎಂಬ ಮರದ ಅಂಟಿನ ಚೆಂಡು ಬಂದು ಆಟ ಬಹಳಷ್ಟು ಜನರ ಕೈಗೆ ಎಟುಕಿತು. ಅಂದರೆ ಸಾಮಾನು ಅಗ್ಗವಾಗುವುದು ಆಗಲೇ ಶುರುವಾಗಿತ್ತು. ಅಗ್ಗವಾಗದ್ದು ನೆಲ. ಕೋಲು ಒಮ್ಮೆ ಕೊಂಡರೆ ಮುಗಿಯಿತು, ಮೈದಾನದ ಶುಲ್ಕ ಪ್ರತಿಸಲ ಕೊಡಬೇಕು.

ನಾನು ಒಮ್ಮೆ ಒಂದು ಕ್ಲಬ್ಬಿನ ಗೇಟಿನಲ್ಲಿ ನಿಂತು ವಿಚಾರಿಸಿದಾಗ, ‘ಸದಸ್ಯರ ಪರಿಚಯ ಇದೆಯೇ?’ ಎಂದರು. ಒಳಗೆ ಹದಿನೆಂಟು ಹೋಲುಗಳಲ್ಲಿ ನೀರು ಹಾಯಿಸುವವನ ಹೊರತು ಒಂದು ನರಪಿಳ್ಳೆ ಇರಲಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಜಗತ್ತಿಗೇ ಹೆಸರಾದ ಮೈದಾನ. ಅದು ಸಾರ್ವಜನಿಕ ನೆಲ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ, ಊರಿನವರು ನಾಯಿ ಹಿಡಿದುಕೊಂಡು ಆಟದ ಹುಲ್ಲುಹಾದಿಯಾದ ಫೇರ್‌ವೇ ಮೇಲೆ ಅಡ್ಡಾಡುತ್ತಾರೆ. ಹೊರಗಿನ ಆಟಗಾರರಿಗೆ ಶುಲ್ಕ ಕಡಿಮೆಯೇನಲ್ಲ, ಅದು ಬೇರೆ ಮಾತು. ಪರಿಚಯ ಕೇಳುವ ಗೇಟಂತೂ ಇಲ್ಲ.

ನಿಮಗೆ ನನ್ನ ಸಲಹೆ: ಒಂಬತ್ತು ಹೋಲಿನ ಪಾರ್ ತ್ರೀ ಮೈದಾನ (ಹೋಲಿಗೆ ಮೂರೇ ಹೊಡೆತ ನಿಗದಿಯಾದ ಚಿಕ್ಕ ಮೈದಾನ) ಹುಡುಕಿ, ವಾರದ ದಿನ ಇಳಿಹೊತ್ತಿನಲ್ಲಿ ಹೋಗಿ. ಖಾಲಿ ಹೊತ್ತಿಗೆ ಶುಲ್ಕ ಇಳಿಸುವವರು ಇದ್ದಾರೆ, ಬಾಯಿಬಿಟ್ಟು ಕೇಳಬೇಕು.

ಹಳೆಯ ಕ್ಯಾಡಿ:

ಒಪ್ಪಿದೆ. ಇನ್ನೊಂದು ಮಾತು: ‘ಹ್ಯಾಂಡಿಕ್ಯಾಪ್ ಇಲ್ಲ’ ಎಂದು ನಾಚಬೇಡಿ. ಆಟಗಾರರ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿಯೇ ಹ್ಯಾಂಡಿಕ್ಯಾಪ್. 2020ರಿಂದ ಬಂದ ವಿಶ್ವ ಪದ್ಧತಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಮಿತಿ 54ರವರೆಗೆ ಇದೆ. ಹೋಲಿಗೆ ಮೂರು ಹೊಡೆತದ ರಿಯಾಯಿತಿ ಎಂದುಕೊಳ್ಳಿ. ಒಂಬತ್ತು ಹೋಲಿನ ಅಂಕಗಳೂ ಲೆಕ್ಕಕ್ಕೆ ಬರುತ್ತವೆ.

ತಡವಾಗಿ ಬಂದವಳು:

ಐದು ಕೋಲು ಸಿಕ್ಕವು, ಐದೂ ಬೇರೆ ಬೇರೆ ಮನೆಯ ಮಕ್ಕಳಂತಿವೆ. ಪಟರ್ ಅಲ್ಲಾಡಿಸಿದೆ, ಸದ್ದಿಲ್ಲ. ಸೆವೆನ್ ಐರನ್ನಿನ ಗ್ರಿಪ್ಪಿನಲ್ಲಿ ಹಳೆಯ ಯಜಮಾನನ ಹೆಬ್ಬೆರಳು ಒತ್ತಿ ಒತ್ತಿ ಆದ ಗುಳಿಯಿದೆ, ನನ್ನ ಹೆಬ್ಬೆರಳು ಅದರೊಳಗೆ ಮುಳುಗಿಹೋಗುತ್ತದೆ. ಹಳೆಯ ಗ್ರಿಪ್ ಸೀಳಿ ತೆಗೆಯಲು ಮಗಳು ಚಾಕು ಹಿಡಿದು ಕುಳಿತಿದ್ದಾಳೆ. ಹೊಸ ಗ್ರಿಪ್ಪಿನ ಒಳಗೆ ಟೇಪು ಎಷ್ಟು ಸುತ್ತು ಹಾಕಬೇಕು?

ಹಳೆಯ ಕ್ಯಾಡಿ:

ಎರಡೂ ಬದಿ ಅಂಟುವ ಟೇಪು, ಒಂದೇ ಪದರ. ಪದರ ಹೆಚ್ಚಿದಂತೆ ಹಿಡಿ ದಪ್ಪವಾಗುತ್ತದೆ, ನಿಮ್ಮಿಬ್ಬರ ಕೈಯೂ ಚಿಕ್ಕವು. ಚಾಕುವಿನ ಬಾಯಿ ಮೈಯಿಂದ ಆಚೆಗಿರಲಿ.